ಬಾನುಲಿಯ ಬಂಧುಗಳು

(ಅಂತಿಮ ಬಿ.ಎ. ವರ್ಗದ ವಿದ್ಯಾರ್ಥಿನಿಯೊಬ್ಬಳ ಅನಿಸಿಕೆ)

ವಾರ್ಷಿಕ ಸಂಚಿಕೆಗೆ ಏನನ್ನಾದರೂ ಬರೆದುಕೊಡಿರೆಂದು ಗುರುಗಳು ವರ್ಗದಲ್ಲಿ ಹೇಳಿದ ದಿನವೇ ನನ್ನ ಗೆಳತಿಯರು ದೊಡ್ಡ ದೊಡ್ಡ ವಿಷಯಗಳನ್ನೆಲ್ಲ ಹಂಚಿಕೊಂಡುಬಿಟ್ಟರು. ಒಬ್ಬಳಿಗೆ ಪರಿಸರ, ಒಬ್ಬಳಿಗೆ ಸ್ತ್ರೀ ಸ್ವಾತಂತ್ರ್ಯ, ಇನ್ನೊಬ್ಬಳಿಗೆ ನಿರುದ್ಯೋಗ. “ನಿನ್ನದು ಯಾವುದೇ?” ಎಂದು ಕೇಳಿದರು. “ರೇಡಿಯೋದಲ್ಲಿ ಮಾತಾಡುವವರು” ಎಂದೆ. ಕ್ಷಣಕಾಲ ಸುಮ್ಮನಿದ್ದು ಎಲ್ಲರೂ ಒಟ್ಟಿಗೇ ನಕ್ಕರು. “ಅದು ಇನ್ನೂ ಇದೆಯೇನೇ?” ಎಂದು ಒಬ್ಬಳು ಕೇಳಿದಳು. ಆ ಪ್ರಶ್ನೆಗೆ ಅಲ್ಲಿಯೇ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಈಗ ಕೊಡುತ್ತಿದ್ದೇನೆ. ವಾಚಕರು ತಾಳ್ಮೆಯಿಂದ ಓದಬೇಕಾಗಿ ವಿನಂತಿ.

ಮೊದಲು ನನ್ನ ಮನೆಯ ವಿಷಯ ಎರಡು ಮಾತು. ನನ್ನ ಅಪ್ಪ ಕೊನೆಗೌಡ. ಶಿರಸಿ ಸೀಮೆಯವರಿಗೆ ಈ ಶಬ್ದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗೆ ಇಷ್ಟು ತಿಳಿದರೆ ಸಾಕು: ಮಳೆಗಾಲದ ಮೊದಲು ಅಡಿಕೆ ಮರ ಹತ್ತಿ ಔಷಧ ಹೊಡೆಯುವವನೂ ಸುಗ್ಗಿಯಲ್ಲಿ ಕೊನೆ ಇಳಿಸುವವನೂ ಅವನೇ. ಅವ್ವ ಮತ್ತು ಅಜ್ಜಿ ಸುಗ್ಗಿಯ ರಾತ್ರಿಗಳಲ್ಲಿ ಹೆಗಡೆಯವರ ಅಂಗಳದಲ್ಲಿ ಕುಳಿತು ಅಡಿಕೆ ಸುಲಿಯುತ್ತಿದ್ದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲನೆಯವಳು. ಅಪ್ಪ ಹತ್ತಿದ್ದೆಲ್ಲ ಮರವನ್ನು.

ಆ ಅಂಗಳದ ಜಗಲಿಯ ಮೇಲೆ, ಕಂಬಕ್ಕೆ ಹೊಡೆದ ಹಲಗೆಯಲ್ಲಿ, ಒಂದು ರೇಡಿಯೋ ಇತ್ತು. ಕೆಲಸ ತೂಗಡಿಕೆಯಿಂದ ಕೆಡದಿರಲೆಂದು ಒಡೆಯರು ಅದನ್ನು ದೊಡ್ಡದಾಗಿ ಹಚ್ಚಿಡುತ್ತಿದ್ದರು. ಒಂದೊಂದು ಅಡಿಕೆಯೂ ಕತ್ತಿಗೆ ತಾಗಿ ಸಿಪ್ಪೆ ಬಿಡುವ ಸಪ್ಪಳದ ನಡುವೆ ಧಾರವಾಡದ ನಾಟಕ, ಹರಿಕಥೆ, ತಾಳಮದ್ದಲೆ, ಚಿತ್ರಗೀತೆ ಎಲ್ಲವೂ ಹಾದುಹೋಗುತ್ತಿದ್ದವು. ನನ್ನ ಅಜ್ಜಿ ಒಂದಕ್ಷರವನ್ನೂ ಕಲಿತವಳಲ್ಲ. ಆದರೆ ಯಾವ ದನಿ ಯಾವ ಹೊತ್ತಿಗೆ ಬರುತ್ತದೆ, ಯಾರಿಗೆ ಇಂದು ಶೀತವಾಗಿದೆ, ಯಾರು ರಜೆಯ ಮೇಲೆ ಹೋಗಿ ಬಂದಿದ್ದಾರೆ ಎಂಬುದನ್ನೆಲ್ಲ ಖಂಡಿತವಾಗಿ ಹೇಳುತ್ತಿದ್ದಳು. ಮುಂದೆ ಅಪ್ಪ ಒಂದು ಸಣ್ಣ ಟ್ರಾನ್ಸಿಸ್ಟರ್ ತಂದಾಗ ಅಜ್ಜಿ ಮಾಡಿದ ಮೊದಲ ಕೆಲಸವೆಂದರೆ ಎಲೆಯಡಿಕೆಯ ಸಂಚಿಯಿಂದ ಸುಣ್ಣ ತೆಗೆದು, ಮುಳ್ಳು ನಿಲ್ಲಬೇಕಾದ ಕಡೆ ಎರಡು ಬೊಟ್ಟು ಇಟ್ಟದ್ದು. ಒಂದು ಬೊಟ್ಟು ಧಾರವಾಡದ್ದು, 765 ಕಿಲೋಹರ್ಟ್ಸ್; ಇನ್ನೊಂದು ಭದ್ರಾವತಿಯದು, 675. ಅಂಕೆಗಳು ಅವಳಿಗೆ ತಿಳಿಯುತ್ತಿರಲಿಲ್ಲ, ಬೊಟ್ಟುಗಳು ತಿಳಿಯುತ್ತಿದ್ದವು.

ಈ ಎರಡು ಬೊಟ್ಟುಗಳಲ್ಲಿ ನಮ್ಮ ಮೂರು ತಾಲೂಕುಗಳ ಭೂಗೋಲವೇ ಅಡಗಿದೆ. ಯಲ್ಲಾಪುರದ ಅತ್ತೆಯ ಮನೆಯಲ್ಲಿ ಧಾರವಾಡವೊಂದೇ ರೇಡಿಯೋ. ಸಿದ್ದಾಪುರದ ಅವ್ವನ ತವರಿನಲ್ಲಿ ಭದ್ರಾವತಿಯೆಂದರೆ ಪ್ರಾಣ. ಶಿರಸಿಯವರಾದ ನಾವು ನಡುವಿನವರು. ಬೆಳಿಗ್ಗೆ ಅಪ್ಪನ ಬೊಟ್ಟಾದರೆ ಮಧ್ಯಾಹ್ನ ಅವ್ವನ ಬೊಟ್ಟು. ಜಿಲ್ಲೆಯ ಕೇಂದ್ರವಾದ ಕಾರವಾರದಲ್ಲಿಯೂ ಆಕಾಶವಾಣಿಯಿದೆ. ಆದರೆ ಅದು ಎಫ್.ಎಂ. ಆದುದರಿಂದ ಅದರ ಅಲೆಗಳು ನೆಟ್ಟಗೆ ಸಾಗುವಂಥವು. ಸಹ್ಯಾದ್ರಿಯ ಗೋಡೆ ಅಡ್ಡಬಂದರೆ ತಡೆದು ನಿಲ್ಲುತ್ತವೆ. ಮಧ್ಯಮ ತರಂಗಗಳು ಹಾಗಲ್ಲ, ನೆಲವನ್ನು ಹಿಡಿದು ಸಾಗುತ್ತವೆ. ರಾತ್ರಿ ಮೇಲಿನ ವಾಯುಮಂಡಲಕ್ಕೆ ತಾಗಿ ಮರಳಿ ಇಳಿದು ದೂರದೂರಿಗೂ ಮುಟ್ಟುತ್ತವೆ. ಆದ್ದರಿಂದ ಘಟ್ಟದ ಮೇಲಿನ ಕಣಿವೆಯ ಮನೆಗಳಿಗೆ ಹತ್ತಿರದ ಸಮುದ್ರ ತೀರಕ್ಕಿಂತ ದೂರದ ಧಾರವಾಡವೇ ನೆರೆಮನೆಯಾಯಿತು.

ಆ ನೆರೆಮನೆ ಹಳೆಯದು. ಧಾರವಾಡ ಕೇಂದ್ರ ಆರಂಭವಾದದ್ದು 1950ರ ಜನವರಿ 8ರಂದು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಕರ್ನಾಟಕ ಒಂದಾದದ್ದು 1956ರ ನವೆಂಬರ್ 1ರಂದು. ಎಂದರೆ ನೆಲದ ಮೇಲೆ ಗಡಿ ಅಳಿಸುವ ಮೊದಲೇ ಆಕಾಶದಲ್ಲಿ ಕನ್ನಡ ಗಡಿ ದಾಟಿ ಓಡಾಡುತ್ತಿತ್ತು. ವರಕವಿ ಬೇಂದ್ರೆಯವರು ಆ ಕೇಂದ್ರದ ಸಲಹೆಗಾರರಾಗಿದ್ದರು. ‘ಎನ್ಕೆ’ ಎಂದು ಹೆಸರಾದ ಎನ್.ಕೆ. ಕುಲಕರ್ಣಿಯವರು ಅಲ್ಲಿ ಸೇವೆ ಸಲ್ಲಿಸಿದರು. ಭದ್ರಾವತಿ ಕೇಂದ್ರ 1965ರಲ್ಲಿ ಬಂತು. ‘ಆಕಾಶವಾಣಿ’ ಎಂಬ ಹೆಸರಾದರೂ ಕನ್ನಡನಾಡಿನದೇ: 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ನಡೆಸಿದ ಬಾನುಲಿಗೆ ಆ ಹೆಸರಿತ್ತು. ದೇಶವೆಲ್ಲ ಅದನ್ನು ಕಡ ತೆಗೆದುಕೊಂಡಿತು. 2023ರ ಮೇ ತಿಂಗಳಲ್ಲಿ ‘ಆಲ್ ಇಂಡಿಯಾ ರೇಡಿಯೋ’ ಎಂಬ ಇಂಗ್ಲಿಷ್ ಹೆಸರನ್ನು ಬಿಟ್ಟು ‘ಆಕಾಶವಾಣಿ’ ಎಂದಷ್ಟೇ ಹೇಳಬೇಕೆಂದು ಪ್ರಸಾರ ಭಾರತಿ ಆದೇಶಿಸಿತು. ಹೆಸರು ಉಳಿದದ್ದು ಸಂತೋಷ. ಆದರೆ ಹೆಸರಿನೊಡನೆ ದನಿಗಳೂ ಉಳಿಯಬೇಕಲ್ಲವೇ?

ದನಿಗಳ ಮಾತಿಗೆ ಬರುತ್ತೇನೆ. ರೇಡಿಯೋದಲ್ಲಿ ಮಾತಾಡಿ ನಾಡಿಗೆಲ್ಲ ಹೆಸರಾದವರು ಉಂಟು. ಅಮೀನ್ ಸಯಾನಿಯವರು 1952ರಲ್ಲಿ ರೇಡಿಯೋ ಸಿಲೋನಿನಿಂದ ಆರಂಭಿಸಿದ ‘ಬಿನಾಕಾ ಗೀತಮಾಲಾ’ ಹಿಂದಿ ಬಾರದ ನಮ್ಮ ಹಳ್ಳಿಗಳಿಗೂ ಬರುತ್ತಿತ್ತು. ಬುಧವಾರ ರಾತ್ರಿ ಹೆಗಡೆಯವರ ಜಗಲಿಯಲ್ಲಿ ಅದನ್ನು ಕೇಳಿದ್ದನ್ನು ಅಜ್ಜಿ ಹೇಳುತ್ತಿದ್ದಳು. ಹಾಡಿನ ಅರ್ಥ ಅವಳಿಗೆ ತಿಳಿಯುತ್ತಿರಲಿಲ್ಲ. ಆದರೆ ಆತ ‘ಬೆಹನೋ ಔರ್ ಭಾಯಿಯೋ’ ಎನ್ನುವಾಗ ಅಕ್ಕತಂಗಿಯರನ್ನು ಮೊದಲು ಕರೆಯುತ್ತಾನೆಂಬುದನ್ನು ಯಾರೋ ತಿಳಿಸಿ ಹೇಳಿದ್ದರಂತೆ; ಅದು ಅವಳ ಮನಸ್ಸಿನಲ್ಲಿ ನಿಂತುಬಿಟ್ಟಿತ್ತು. 2024ರ ಫೆಬ್ರುವರಿ 20ರಂದು ಅವರು ತೀರಿಕೊಂಡ ಸುದ್ದಿ ಕೇಳಿದಾಗ, ಕಾಣದ ಆ ಮನುಷ್ಯನಿಗಾಗಿ ನನಗೆ ದುಃಖವಾಯಿತು. ಅಜ್ಜಿಗೆ ಈ ಸುದ್ದಿ ತಿಳಿಸುವಂತಿಲ್ಲವಲ್ಲ ಎಂದು ಇನ್ನಷ್ಟು ದುಃಖವಾಯಿತು. ಬೆಂಗಳೂರು ಕೇಂದ್ರದ ಎ.ಎಸ್. ಮೂರ್ತಿಯವರು ‘ಈರಣ್ಣ’ನಾಗಿ ಮನೆಮನೆಯ ಮಾತಾದರು. ನಮ್ಮ ಜಿಲ್ಲೆಯ ಕಾರವಾರದಲ್ಲಿ ಹುಟ್ಟಿದ ಜ್ಯೋತ್ಸ್ನಾ ಕಾಮತರು ಬೆಂಗಳೂರು ಕೇಂದ್ರದ ನಿರ್ದೇಶಕಿಯಾಗುವವರೆಗೆ ಏರಿದರು. ಇನ್ನು ಬೆಳಿಗ್ಗೆ 6.55ಕ್ಕೆ ಸಂಸ್ಕೃತ ವಾರ್ತೆಯನ್ನೋದುತ್ತಿದ್ದ ಬಲದೇವಾನಂದ ಸಾಗರರನ್ನು ಅಣಕಿಸದ ಹುಡುಗರು ನಮ್ಮ ಸೀಮೆಯಲ್ಲಿ ಇರಲಿಲ್ಲವಂತೆ. ಸಂಸ್ಕೃತದ ಗಂಧವಿಲ್ಲದ ನಮ್ಮ ಮನೆಯಲ್ಲಿ ಆ ವಾರ್ತೆ ಗಡಿಯಾರವಾಗಿತ್ತು. ‘ಶ್ರೂಯಂತಾಮ್’ ಎಂದರೆ ಗಂಜಿಗೆ ನೀರಿಡುವ ಹೊತ್ತು, 7.05ರ ಪ್ರದೇಶ ಸಮಾಚಾರವೆಂದರೆ ಅಪ್ಪ ಹೊರಡುವ ಹೊತ್ತು.

ಆದರೆ ನಮಗೆ ಹೆಚ್ಚು ಹತ್ತಿರದವರು ಹೆಸರಿಲ್ಲದವರು. ಧಾರವಾಡದ, ಭದ್ರಾವತಿಯ ಉದ್ಘೋಷಕರು ಬಹಳ ಸಲ ತಮ್ಮ ಹೆಸರನ್ನೇ ಹೇಳುತ್ತಿರಲಿಲ್ಲ. ಹೊತ್ತು ಎಷ್ಟಾಯಿತೆಂದು ಹೇಳುವರು, ಮುಂದೆ ಯಾರು ಹಾಡುತ್ತಾರೆಂದು ಹೇಳುವರು, ತಾವು ಯಾರೆಂದು ಮಾತ್ರ ಹೇಳರು. ಆದ್ದರಿಂದ ನಾವೇ ಅವರಿಗೆ ಹೆಸರಿಟ್ಟುಕೊಂಡಿದ್ದೆವು. ತುಸು ಮೂಗಿನಲ್ಲಿ ಮಾತಾಡುವವರು ‘ಶೀತದಣ್ಣ’. ಮೆಲ್ಲಗೆ ನಗುತ್ತಲೇ ಮಾತು ಮುಗಿಸುವವರು ‘ಬೆಲ್ಲದಕ್ಕ’. ಕೃಷಿ ಕಾರ್ಯಕ್ರಮದಲ್ಲಿ ರೈತನಿಗೆ ಬುದ್ಧಿ ಹೇಳುವವರು ‘ಮಾಸ್ತರು’.

ಈ ಮಾಸ್ತರರ ಋಣ ನಮ್ಮ ಮನೆಯ ಮೇಲಿದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಕ್ರಮವನ್ನು ಅಪ್ಪ ಪುಸ್ತಕದಿಂದ ಕಲಿತವನಲ್ಲ. ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ಎಲ್ಲ ಸೇರಿ ನೀರು 100 ಲೀಟರ್. ಎರಡನ್ನೂ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ಹೊಯ್ಯಬೇಕೇ ಹೊರತು ತಿರುಗಿಸಿ ಹೊಯ್ಯಬಾರದು. ಕೊನೆಗೆ ಕಬ್ಬಿಣದ ಚೂರಿ ಅದ್ದಿ ನೋಡಬೇಕು, ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ತಿಳಿಯಬೇಕು. ಇದೆಲ್ಲ ಅಪ್ಪನಿಗೆ ರೇಡಿಯೋದಿಂದ ಬಂದದ್ದು. ಒಂದೇ ಮಾತನ್ನು ವರ್ಷವರ್ಷವೂ, ಬೇಸರವಿಲ್ಲದೆ, ಓದಲಾರದವನಿಗೂ ನೆನಪುಳಿಯುವಂತೆ ಹೇಳುವ ತಾಳ್ಮೆ ಆ ದನಿಗಿತ್ತು. ಈಗಲೂ ಅಪ್ಪ ಚೂರಿ ಅದ್ದಿ ನೋಡುತ್ತಾನೆ.

ಇನ್ನೊಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಅಜ್ಜಿ ಒಂದು ದಿನ 50 ಪೈಸೆಯ ಅಂಚೆ ಕಾರ್ಡು ತರಿಸಿ, “ತಂಗೀ, ರೇಡಿಯೋಕ್ಕೆ ಒಂದು ಕಾಗ್ದ ಬರಿ” ಎಂದಳು. ಅವಳ ಮೆಚ್ಚಿನ ಹಾಡೊಂದನ್ನು ಕೇಳಿ ಬರೆದೆ. ಕೆಳಗೆ ಅವಳ ಹೆಸರು, ಕೇರಿ, ಊರು, ತಾಲೂಕು ಶಿರಸಿ ಎಂದು ದೊಡ್ಡ ಅಕ್ಷರಗಳಲ್ಲಿ ತುಂಬಿಸಿದೆ. ವಾರ ಕಳೆಯಿತು, ತಿಂಗಳು ಕಳೆಯಿತು. ನಾನು ಮರೆತೇಬಿಟ್ಟೆ, ಅವಳು ಮರೆಯಲಿಲ್ಲ. ಒಂದು ಮಧ್ಯಾಹ್ನ ಬೆಲ್ಲದಕ್ಕನ ದನಿಯಲ್ಲಿ ಹೆಸರುಗಳ ಸಾಲು ಬಂತು: ಆ ಊರಿನವರು, ಈ ಊರಿನವರು, ಹಾಗೆಯೇ ಶಿರಸಿ ತಾಲೂಕಿನಿಂದ... ಎಂದು ನಮ್ಮ ಕೇರಿಯ ಹೆಸರಿನೊಡನೆ ಅಜ್ಜಿಯ ಹೆಸರು ಹೇಳಿ, ಕೊನೆಗೆ ‘ಅವರು’ ಎಂದು ಸೇರಿಸಿದರು.

ಹಾಡು ಬಂತು, ಮುಗಿಯಿತು. ಅಜ್ಜಿ ಹಾಡನ್ನು ಕೇಳಿದಳೆಂದು ನನಗೆ ತೋರಲಿಲ್ಲ. ಬಹಳ ಹೊತ್ತಿನ ಮೇಲೆ, “ನನ್ನ ‘ಅವರು’ ಅಂದ್ರಲ್ಲೇ” ಎಂದಳು. ಅರವತ್ತು ದಾಟಿದ ಜೀವ. ಐವತ್ತು ಸುಗ್ಗಿ ಅಂಗಳದಲ್ಲಿ ಕುಳಿತು ಸುಲಿದಿದ್ದಳು. ಜಗಲಿಯ ಮೇಲಿನಿಂದ ಅವಳನ್ನು ಕರೆದವರು, ಅವಳಿಗಿಂತ ಕಿರಿಯರಾದ ಹುಡುಗರೂ ಸಹ, ‘ನೀನು’, ‘ಬಾರೇ’, ‘ಹೋಗೇ’ ಎಂದೇ ಕರೆದಿದ್ದರು. ಯಾರ ಮೇಲೂ ದೂರು ಹೇಳಲು ಇದನ್ನು ಬರೆಯುತ್ತಿಲ್ಲ; ಅವರಲ್ಲಿ ನಮ್ಮ ಹೊಟ್ಟೆಗೆ ಕೊಟ್ಟವರೂ ಇದ್ದರು, ನನ್ನ ಕಾಲೇಜು ಶುಲ್ಕಕ್ಕೆ ನೆರವಾದವರೂ ಇದ್ದಾರೆ. ಆದರೆ ಜಗಲಿಯಲ್ಲಿ ಕುಳಿತವರು ಯಾರು, ಅಂಗಳದಲ್ಲಿ ಕುಳಿತವರು ಯಾರೆಂದು ಕೇಳದೆ ಎಲ್ಲರಿಗೂ ಒಂದೇ ‘ಕೇಳುಗರೇ’ ಎಂಬ ಸಂಬೋಧನೆ ಇದ್ದದ್ದು ಆ ಹಲಗೆಯ ಮೇಲಿನ ಪೆಟ್ಟಿಗೆಯಲ್ಲಿ ಮಾತ್ರ. ಸಮಾನತೆಯ ತತ್ತ್ವವನ್ನು ನಾನು ರಾಜ್ಯಶಾಸ್ತ್ರದ ಪುಸ್ತಕದಲ್ಲಿ ಓದಿದೆ. ಅದರ ರುಚಿಯನ್ನು ಅಜ್ಜಿಯ ಮುಖದಲ್ಲಿ ಆ ಮಧ್ಯಾಹ್ನವೇ ನೋಡಿದ್ದೆ.

ಇಲ್ಲಿ ಇನ್ನೊಂದು ಮಗ್ಗುಲನ್ನೂ ಹೇಳುವುದು ನ್ಯಾಯ. ರೇಡಿಯೋ ನಮ್ಮನ್ನು ಗೌರವದಿಂದ ಕರೆಯಿತು, ನಿಜ. ನಮ್ಮ ಮಾತನ್ನು ಅಷ್ಟೇ ಗೌರವದಿಂದ ಕೇಳಿಸಿತೇ? ನಮ್ಮ ಕೇರಿಯ ಕನ್ನಡ ಅಲ್ಲಿ ಬಂದದ್ದು ಜನಪದ ಗೀತೆಯಾಗಿ, ಇಲ್ಲವೆ ನಾಟಕದಲ್ಲಿ ನಗಿಸುವ ಆಳಿನ ಮಾತಾಗಿ. ವಾರ್ತೆ ಓದುವ, ಸಂದರ್ಶನ ನಡೆಸುವ, ಬುದ್ಧಿ ಹೇಳುವ ಕನ್ನಡ ಮಾತ್ರ ಓದಿದವರ ಕನ್ನಡ. ಆ ಕನ್ನಡವನ್ನು ಕೇಳಿ ಕೇಳಿಯೇ ನಾನು ನಾಲಗೆ ತಿದ್ದಿಕೊಂಡೆ. ಕಾಲೇಜಿನ ಸಮಾರಂಭದಲ್ಲಿ ನಿರೂಪಣೆ ಮಾಡಿದಾಗ ಗುರುಗಳು ಉಚ್ಚಾರ ಚೆನ್ನಾಗಿದೆಯೆಂದರು. ಹಿಗ್ಗಿದೆ. ಅದೇ ಸಂಜೆ ಮನೆಯಲ್ಲಿ ಅವ್ವನ ಮಾತನ್ನು ನಾನು ತಿದ್ದಲು ಹೋದೆ. ಅವ್ವ ಏನೂ ಅನ್ನದೆ ಒಲೆಯ ಕಡೆ ತಿರುಗಿದಳು. ಆ ತಪ್ಪು ರೇಡಿಯೋದ್ದಲ್ಲ, ನನ್ನದು. ಆದರೂ, ಅವ್ವನಂಥ ದನಿಯೊಂದು ಬರಿಯ ಹಾಡಲ್ಲದೆ ಮಾತನ್ನೂ ಆಡಿ ಹೋಗಿದ್ದರೆ ನಾನು ಆ ತಪ್ಪು ಮಾಡುತ್ತಿರಲಿಲ್ಲವೇನೋ ಎನಿಸುತ್ತದೆ.

ಈಗ ನನ್ನ ಗೆಳತಿಯರ ವಾದಕ್ಕೆ ಬರುತ್ತೇನೆ. “ಬೇಕಾದ ಹಾಡು ಬೇಕಾದಾಗ ಫೋನಿನಲ್ಲಿ ಬರುತ್ತದೆ. ತಿಂಗಳುಗಟ್ಟಲೆ ಕಾಯುವುದೇಕೆ?” ಎಂದು ಅವರು ಕೇಳುತ್ತಾರೆ. ವಾದ ಬಲವಾದದ್ದೇ. ನಾನೂ ಫೋನಿನಲ್ಲಿ ಹಾಡು ಕೇಳುತ್ತೇನೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಫೋನು ನನ್ನೊಬ್ಬಳಿಗೇ ಹಾಡುತ್ತದೆ. ನಾನು ನಿನ್ನೆ ಕೇಳಿದ್ದನ್ನು ನೋಡಿಕೊಂಡು ಅಂಥದನ್ನೇ ಇಂದೂ ಬಡಿಸುತ್ತದೆ. ರೇಡಿಯೋದಲ್ಲಿ ನಾವು ಕೇಳಬಯಸದಿದ್ದುದನ್ನೂ ಕೇಳಬೇಕಾಗುತ್ತಿತ್ತು. ಚಿತ್ರಗೀತೆಗಾಗಿ ಕಾದು ಕುಳಿತವಳಿಗೆ ಮಲ್ಲಿಕಾರ್ಜುನ ಮನಸೂರರ ಗಾಯನ ಸಿಗುತ್ತಿತ್ತು, ಜೋಳದ ಬೆಳೆಗೆ ಬರುವ ಹುಳುವಿನ ವಿಚಾರ ಸಿಗುತ್ತಿತ್ತು. ಬಯಲುಸೀಮೆಯ ರೈತನ ಕಷ್ಟ ನಮ್ಮ ಮಲೆನಾಡಿನ ಅಂಗಳಕ್ಕೆ ಬಂದದ್ದು ಹೀಗೆ. ನಾವು ಆರಿಸಿಕೊಳ್ಳದೆ ಬಂದ ಆ ಅರಿವು ನನಗೆ ಪದವಿಯಷ್ಟೇ ಉಪಯೋಗಕ್ಕೆ ಬಂದಿದೆ.

ಎರಡನೆಯದು ಆಪತ್ಕಾಲದ ಮಾತು. 2021ರ ಜುಲೈ ತಿಂಗಳ ಮಳೆಯನ್ನು ನಮ್ಮ ಸೀಮೆಯವರು ಮರೆತಿರಲಾರರು. ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಮನೆ ತೋಟಗಳು ಹೋದವು. ಗಂಗಾವಳಿಯ ಪ್ರವಾಹಕ್ಕೆ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ನಮ್ಮ ಕೇರಿಯಲ್ಲಿ ವಿದ್ಯುತ್ತು ಹೋಗಿ ಐದು ದಿನವಾಯಿತು. ಮೊದಲನೆಯ ದಿನವೇ ಫೋನುಗಳು ಕಣ್ಣು ಮುಚ್ಚಿದವು. ಅತ್ತೆಯ ಮನೆ ಆ ಕಡೆಯದೇ, ಏನಾಯಿತೋ ತಿಳಿಯದು. ಆಗ ಅಜ್ಜಿಯ ಟ್ರಾನ್ಸಿಸ್ಟರಿಗೆ ಎರಡು ಸೆಲ್ಲು ಹಾಕಿದೆವು. ಸುಣ್ಣದ ಬೊಟ್ಟಿಗೆ ಮುಳ್ಳು ತಿರುಗಿಸಿದಾಗ ಗರಗರ ಸದ್ದಿನ ನಡುವೆ ದನಿ ಬಂತು. ಯಾವ ರಸ್ತೆ ಬಂದ್ ಆಗಿದೆ, ಎಲ್ಲಿ ಸೇತುವೆ ಹೋಗಿದೆ ಎಂಬುದೆಲ್ಲ ನಮಗೆ ಅದರಿಂದಲೇ ಗೊತ್ತಾಯಿತು. ಅತ್ತೆಯ ಊರಿನ ಹೆಸರು ಅದರಲ್ಲಿ ಬರಲಿಲ್ಲ. ಹೆಸರು ಬಾರದಿದ್ದುದೇ ನಮಗೆ ಸಮಾಧಾನವಾಯಿತು. ಆ ಮಳೆಗಾಲ ಕಳೆದ ಮೇಲೆ ಅಜ್ಜಿ ತೀರಿಕೊಂಡಳು. ಅವಳು ಕೊನೆಯ ಸಲ ರೇಡಿಯೋವನ್ನು ಎದೆಗವಚಿಕೊಂಡು ಕುಳಿತದ್ದು ಆ ಐದು ದಿನಗಳಲ್ಲಿಯೇ.

ಆದ್ದರಿಂದ ಇದನ್ನು ಬರಿಯ ಹಳೆಯ ನೆನಪೆಂದು ತಿಳಿಯಬಾರದೆಂದು ನನ್ನ ಕೋರಿಕೆ. 2021ರ ಜನವರಿಯಲ್ಲಿ ಆಕಾಶವಾಣಿಯ ಕೇಂದ್ರಗಳು ಮುಚ್ಚುತ್ತವೆಂಬ ಸುದ್ದಿ ಹಬ್ಬಿದಾಗ, ಅದು ನಿಜವಲ್ಲವೆಂದು ಪ್ರಸಾರ ಭಾರತಿ ಹೇಳಿತು. ಒಳ್ಳೆಯದು. ಆದರೆ ಬಾಗಿಲು ತೆರೆದಿದ್ದ ಮಾತ್ರಕ್ಕೆ ಮನೆಯಲ್ಲಿ ಜನವಿದ್ದಾರೆಂದು ಹೇಳಲಾಗದು. ಸ್ಥಳೀಯವಾಗಿ ಮಾತಾಡುವ ಗಂಟೆಗಳು ಕಡಿಮೆಯಾಗಿ, ದೂರದಿಂದ ಬರುವ ಒಂದೇ ಕಾರ್ಯಕ್ರಮವನ್ನು ಎಲ್ಲ ಕೇಂದ್ರಗಳೂ ಮರುಪ್ರಸಾರ ಮಾಡುವಂತಾದರೆ ಹೆಸರು ಮಾತ್ರ ಧಾರವಾಡವೆಂದೋ ಭದ್ರಾವತಿಯೆಂದೋ ಉಳಿಯುತ್ತದೆ. ಕೊಳೆರೋಗದ ಮಾತನ್ನು ಅಡಿಕೆ ಬೆಳೆಯದ ಊರಿನಲ್ಲಿ ಕುಳಿತವರು ಯಾಕೆ ಆಡಿಯಾರು? ದಿನಗೂಲಿಯಂತೆ ಪಾಳಿಗಿಷ್ಟೆಂದು ಗೌರವಧನ ಪಡೆದು ಕೆಲಸ ಮಾಡುವ ಸಾಂದರ್ಭಿಕ ಉದ್ಘೋಷಕರ ಪಾಡೂ ಯೋಚಿಸತಕ್ಕದ್ದು. ನಮ್ಮ ಮನೆಯಲ್ಲಿ ಎಲ್ಲರೂ ದಿನಗೂಲಿಯವರೇ ಆದ್ದರಿಂದ ಅದರ ಅರ್ಥ ನನಗೆ ಚೆನ್ನಾಗಿ ಗೊತ್ತು.

ಕೇವಲ ಸರಕಾರವನ್ನು ಕೇಳಿ ಕೈಕಟ್ಟಿ ಕುಳಿತರೂ ಆಗದು. ಶಿಕ್ಷಣ ಸಂಸ್ಥೆಗಳು ಸಮುದಾಯ ಬಾನುಲಿ ನಡೆಸಲು 2002ರಲ್ಲಿಯೇ ಅವಕಾಶ ದೊರೆಯಿತು. 2006ರಲ್ಲಿ ಸಾಮಾಜಿಕ ಸಂಸ್ಥೆಗಳಿಗೂ ದೊರೆಯಿತು. ನಮ್ಮ ರಾಜ್ಯದ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಅದಕ್ಕೂ ಮೊದಲೇ, 2003ರಲ್ಲಿ, ಹಳ್ಳಿಯ ಜನ ‘ನಮ್ಮ ಧ್ವನಿ’ಯನ್ನು ತಂತಿಯ ಮೂಲಕ ಮನೆಗಳಿಗೆ ಮುಟ್ಟಿಸಿದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ತನ್ನದೇ ಬಾನುಲಿಯನ್ನು ಆರಂಭಿಸಿತು. ಇಂಥ ಕೇಂದ್ರಕ್ಕೆ 100 ವ್ಯಾಟಿನ ಮಿತಿಯಿದೆ. ನಮ್ಮ ಗುಡ್ಡಗಳ ನಡುವೆ ಅದು ಬಹು ದೂರ ಹೋಗಲಾರದು. ಆದರೆ ಹತ್ತು ಹಳ್ಳಿಗಳಿಗೆ ಹೋದರೂ ಆ ಹತ್ತು ಹಳ್ಳಿಗಳ ಅವ್ವಂದಿರು ತಮ್ಮ ಮಾತಿನಲ್ಲಿಯೇ ಮಾತಾಡಬಹುದು. ನಮ್ಮ ಕಾಲೇಜು ಇದನ್ನು ಯೋಚಿಸಬಾರದೇಕೆ? ಅಲ್ಲಿಯವರೆಗೆ ಇನ್ನೂ ಸುಲಭದ ಕೆಲಸವೊಂದಿದೆ. ಈ ಲೇಖನ ಓದಿದವರು ತಮಗೆ ಬೇಕಾದ ಕೇಂದ್ರಕ್ಕೆ ಒಂದು ಕಾರ್ಡು ಬರೆಯಲಿ. ಕೇಳುವವರಿಲ್ಲವೆಂಬ ಮಾತಿಗೆ ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಮೊನ್ನೆ ಪರೀಕ್ಷೆಯ ಅರ್ಜಿ ತುಂಬಿ ಮನೆಗೆ ಬಂದಾಗ ಅಪ್ಪ ಘಟಿಕೋತ್ಸವವೆಂದರೇನೆಂದು ಕೇಳಿದ. ಹೆಸರು ಕರೆದು ಪದವಿ ಕೊಡುತ್ತಾರೆಂದು ಹೇಳಿದೆ. ಅಪ್ಪ ಸ್ವಲ್ಪ ಯೋಚಿಸಿ, “ಹೆಸರಿನ ಸಂಗ್ತಿಗೆ ‘ಅವರು’ ಅಂತಾರೇನೇ?” ಎಂದ. ನನಗೆ ಗೊತ್ತಿಲ್ಲವೆಂದೆ. ಕಿಟಕಿಯ ಮೇಲಿದ್ದ ಟ್ರಾನ್ಸಿಸ್ಟರನ್ನು ಕೆಳಗಿಳಿಸಿ ಒರೆಸಿದೆ. ಸುಣ್ಣದ ಬೊಟ್ಟುಗಳನ್ನು ಮಾತ್ರ ಒರೆಸಲಿಲ್ಲ.